ಕಳ್ಳಿಗೊಂದು ಪಿಳ್ಳೆ ನೆವ: ಮೋಲ್ ಫ್ಲಾಂಡರ್ಸ್ ಕದ್ದ ಗುಂಡಿನ ಸರ

ಘಟನೆ

ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿ, ಸಂಜೆಯ ಹೊತ್ತು. ನೃತ್ಯಶಾಲೆ ಮುಗಿಸಿದ ಪುಟ್ಟ ಮಗುವೊಂದು ಒಂಟಿಯಾಗಿ ಮನೆಗೆ ಹೊರಟಿದೆ. ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಅದನ್ನು ಮಾತನಾಡಿಸುತ್ತಾಳೆ. ಮಗು ಸಂಕೋಚವಿಲ್ಲದೆ ಹರಟುತ್ತದೆ. ಅವಳು ಅದರ ಕೈಹಿಡಿದು, ಬಾರ್ಥಾಲೊಮ್ಯೂ ಕ್ಲೋಸ್ ಕಡೆಗೆ ಹೋಗುವ ಕಲ್ಲುಹಾಸಿನ ಓಣಿಯೊಳಕ್ಕೆ ಕರೆದೊಯ್ಯುತ್ತಾಳೆ. ನಮ್ಮ ಮನೆಯ ದಾರಿ ಇದಲ್ಲ ಎನ್ನುತ್ತದೆ ಮಗು. ಇದೇ ಕಂದ, ನಾನು ತೋರಿಸುತ್ತೇನೆ ಬಾ ಎನ್ನುತ್ತಾಳೆ ಅವಳು.

ಓಣಿಯಲ್ಲಿ ಕತ್ತಲು. ಮಗುವಿನ ಸಡಿಲವಾದ ಮೆಟ್ಟನ್ನು ಸರಿಪಡಿಸುವವಳಂತೆ ಬಗ್ಗುತ್ತಾಳೆ. ಮೇಲೇಳುವಷ್ಟರಲ್ಲಿ ಕೊರಳಿನ ಚಿನ್ನದ ಗುಂಡಿನ ಸರ ಅವಳ ಕೈಸೇರಿದೆ. ಮಗುವಿಗೆ ಏನೂ ಗೊತ್ತಾಗಿಲ್ಲ. ಆಗಲೇ ಇನ್ನೊಂದು ಯೋಚನೆ ಬರುತ್ತದೆ: ಮಗು ಅಳಬಾರದೆಂದರೆ ಇಲ್ಲೇ ಕೊಂದುಬಿಡಬೇಕು. ಆ ಯೋಚನೆಗೇ ಹೆದರಿ ಅವಳು ಕುಸಿದುಬೀಳುವಂತಾಗುತ್ತಾಳೆ. ಮಗುವನ್ನು ಬಂದ ಕಡೆಗೆ ತಿರುಗಿಸಿ, ನಿನ್ನ ಮನೆಯ ದಾರಿ ಇದಲ್ಲ, ಹಿಂದಿರುಗಿ ಹೋಗು ಎನ್ನುತ್ತಾಳೆ. ಆಗಲಿ ಎನ್ನುತ್ತದೆ ಮಗು.

ಆ ಹೆಂಗಸು ಮೋಲ್ ಫ್ಲಾಂಡರ್ಸ್. ಡೇನಿಯಲ್ ಡೆಫೋ ಬರೆದು, 1722ರಲ್ಲಿ ಲೇಖಕನ ಹೆಸರಿಲ್ಲದೆ ಪ್ರಕಟವಾದ ಅದೇ ಹೆಸರಿನ ಕಾದಂಬರಿಯ ನಾಯಕಿ. ವೃದ್ಧಾಪ್ಯದಲ್ಲಿ ತಾನೇ ಬರೆದಿಟ್ಟ ಆತ್ಮಕಥೆ ಎಂಬ ಸೋಗು ಕಾದಂಬರಿಗಿದೆ; ಕೊನೆಯಲ್ಲಿ 1683ರಲ್ಲಿ ಬರೆದದ್ದು ಎಂಬ ಒಕ್ಕಣೆಯೂ ಇದೆ. ನ್ಯೂಗೇಟ್ ಸೆರೆಮನೆಯಲ್ಲಿ ಹುಟ್ಟಿದವಳು, ಐದು ಸಲ ಮದುವೆಯಾದವಳು, ಅದರಲ್ಲಿ ಒಮ್ಮೆ ತಿಳಿಯದೆ ತನ್ನ ತಮ್ಮನನ್ನೇ, ಹನ್ನೆರಡು ವರ್ಷ ಕಳ್ಳಿ, ಎಂಟು ವರ್ಷ ವರ್ಜೀನಿಯಾಕ್ಕೆ ಗಡೀಪಾರಾದ ಅಪರಾಧಿ, ಕೊನೆಗೆ ಶ್ರೀಮಂತೆ, ಪಶ್ಚಾತ್ತಾಪಪಟ್ಟು ಸತ್ತವಳು: ಇಷ್ಟನ್ನೂ ಪುಸ್ತಕದ ಮುಖಪುಟವೇ ಸಾರಿಬಿಡುತ್ತದೆ. ಮುಂದೇನಾಗುತ್ತದೆ ಎಂಬ ಕುತೂಹಲವನ್ನು ಮೊದಲ ಪುಟದಲ್ಲೇ ಕೊಂದು ಹಾಕಿದ ಕಾದಂಬರಿಯನ್ನು ಮುನ್ನೂರು ವರ್ಷದಿಂದ ಜನ ಓದುತ್ತಲೇ ಇದ್ದಾರೆ.

ಮೋಲ್ ಒಳ್ಳೆಯವಳೇ ಕೆಟ್ಟವಳೇ ಎಂಬ ಚರ್ಚೆ ಸಾಮಾನ್ಯವಾಗಿ ಅವಳ ಗಂಡಂದಿರನ್ನು ಹಿಡಿದೋ, ಕೊನೆಯ ಪಶ್ಚಾತ್ತಾಪವನ್ನು ಹಿಡಿದೋ ನಡೆಯುತ್ತದೆ. ನಾನು ಓಣಿಯ ಈ ಒಂದೇ ಪುಟವನ್ನು ಹಿಡಿದಿದ್ದೇನೆ. ಇಡೀ ಹೆಂಗಸು ಇಲ್ಲಿ ಸಿಗುತ್ತಾಳೆ.

ಓಣಿಗೆ ಬಂದ ದಾರಿ

ಮೋಲ್ ಹಸಿವಿನಿಂದ ಕಳ್ಳಿಯಾದವಳು. ಅದನ್ನು ಅಲ್ಲಗಳೆಯಲಾಗದು. ಬ್ಯಾಂಕಿನ ಗುಮಾಸ್ತನಾಗಿದ್ದ ಗಂಡನ ಜೊತೆ ಐದು ವರ್ಷ ನೆಮ್ಮದಿಯಿಂದ ಬಾಳಿದಳು. ಅವನು ನಂಬಿಕೆಯಿಂದ ಇನ್ನೊಬ್ಬ ಗುಮಾಸ್ತನಿಗೆ ಕೊಟ್ಟ ಹಣ ಮುಳುಗಿತು. ಆ ಕೊರಗಿನಲ್ಲೇ ಅವನು ಸತ್ತ. ಆಗ ಅವಳಿಗೆ ನಲವತ್ತೆಂಟು. ಇನ್ನು ಯಾರೂ ಮದುವೆಯಾಗುವ ವಯಸ್ಸಲ್ಲ, ಇಟ್ಟುಕೊಳ್ಳುವ ವಯಸ್ಸೂ ಅಲ್ಲ. ಅವಳು ಬಲ್ಲ ಜೀವನೋಪಾಯಗಳು ಇವೆರಡೇ. ಎರಡು ವರ್ಷ ಇದ್ದುದನ್ನು ಕರಗಿಸಿ ತಿಂದಳು.

ಆಮೇಲೆ ಮೊದಲ ಕಳವು. ಲೆಡನ್‌ಹಾಲ್ ಬೀದಿಯ ಔಷಧಿ ಅಂಗಡಿಯೊಂದರಲ್ಲಿ ಸ್ಟೂಲಿನ ಮೇಲೆ ಬಿಳಿ ಬಟ್ಟೆಯಲ್ಲಿ ಕಟ್ಟಿದ ಗಂಟೊಂದಿತ್ತು. ತಗೊ, ಬೇಗ, ಈಗಲೇ ಎಂದು ಹೆಗಲ ಹಿಂದಿನಿಂದ ಯಾರೋ ಹೇಳಿದಂತಾಯಿತಂತೆ. ಎತ್ತಿಕೊಂಡು ನಡೆದಳು. ಮನೆಯಲ್ಲಿ ಬಿಚ್ಚಿ ನೋಡಿದರೆ ಬಾಣಂತಿಯ ಬಟ್ಟೆಗಳು, ಒಂದು ಪೈಂಟ್ ಹಿಡಿಯುವ ಬೆಳ್ಳಿಯ ಬಟ್ಟಲು, ಸಣ್ಣ ಬೆಳ್ಳಿಯ ಲೋಟ, ಆರು ಚಮಚ, ಮೂರು ರೇಷ್ಮೆ ಕರವಸ್ತ್ರ, ಲೋಟದೊಳಗೆ ಕಾಗದದಲ್ಲಿ ಸುತ್ತಿದ 18 ಶಿಲ್ಲಿಂಗ್ 6 ಪೆನ್ಸ್. ಎಷ್ಟೋ ವರ್ಷಗಳ ನಂತರ ಬರೆಯುತ್ತಿರುವವಳಿಗೆ ಆ ಆರು ಪೆನ್ಸ್ ಕೂಡ ನೆನಪಿದೆ. ಹೆತ್ತ ಮಕ್ಕಳ ವಿಷಯದಲ್ಲಿ ಅವಳ ಜ್ಞಾಪಕಶಕ್ತಿ ಇಷ್ಟು ಚುರುಕಾಗಿಲ್ಲ.

ಆ ರಾತ್ರಿ ಅವಳು ನಿಜವಾಗಿಯೂ ಒದ್ದಾಡುತ್ತಾಳೆ. ದೇವರೇ, ಈಗ ನಾನು ಕಳ್ಳಿ ಎಂದು ಅಳುತ್ತಾಳೆ. ಈ ಗಂಟು ಯಾರದೋ? ನನ್ನಂಥ ಬಡ ವಿಧವೆಯೊಬ್ಬಳು ತನಗೂ ಮಗುವಿಗೂ ಒಂದು ತುತ್ತಿಗಾಗಿ ಮಾರಲು ಕಟ್ಟಿಕೊಂಡು ಹೊರಟದ್ದಿರಬಹುದೇ ಎಂದು ಕಲ್ಪಿಸಿಕೊಂಡು ಸಂಕಟಪಡುತ್ತಾಳೆ. ಗಂಟಿನ ಯಜಮಾನಿ ಯಾರೆಂದು ಅವಳಿಗೆ ಗೊತ್ತಿಲ್ಲ. ಆ ವಿಧವೆ ಪೂರ್ತಿ ಅವಳ ಕಲ್ಪನೆ. ಕಾಣದ ಯಜಮಾನಿಗೆ ತನ್ನದೇ ಮುಖ ಕೊಟ್ಟು ಮರುಗಿದಳು. ಈ ಕಲ್ಪನಾಶಕ್ತಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಕೆಲವೇ ದಿನಗಳಲ್ಲಿ ಅದು ಪಕ್ಷಾಂತರ ಮಾಡಲಿದೆ.

ಇನ್ನೊಂದು ಸಂಗತಿ. ಓಣಿಗೆ ಹೋದ ಸಂಜೆ ಅವಳ ಬಳಿ ಬೆಳ್ಳಿಯೂ ಇತ್ತು, ಚಿಲ್ಲರೆಯೂ ಇತ್ತು. ಪ್ರಾಣ ಹೋಗುವಷ್ಟು ಹಸಿದವನು ಅನ್ನ ಕದ್ದರೆ ಅದು ಕಳವಲ್ಲ ಎಂಬ ವಾದ ಯುರೋಪಿನ ನ್ಯಾಯಚಿಂತನೆಯಲ್ಲಿ ಹಳೆಯದು. ಡಚ್ ನ್ಯಾಯಶಾಸ್ತ್ರಜ್ಞ ಗ್ರೋಷಿಯಸ್ 1625ರಲ್ಲೇ ಅದಕ್ಕೆ ಷರತ್ತುಗಳೊಡನೆ ಒಪ್ಪಿಗೆಯ ಮುದ್ರೆ ಒತ್ತಿದ್ದ. ಮೊದಲ ಗಂಟಿಗೆ ಆ ವಾದ ಒಂದಿಷ್ಟು ಹೊಂದಬಹುದು. ಗುಂಡಿನ ಸರಕ್ಕೆ ಹೊಂದುವುದಿಲ್ಲ. ಆದರೂ ಅವಳು ‘ಬರೀ ಅಗತ್ಯ ನನ್ನನ್ನು ದೂಡಿತು’ ಎಂದೇ ಬರೆಯುತ್ತಾಳೆ. ಮುಂದೆ ಕೈತುಂಬ ಹಣವಾದ ಮೇಲೆ ಮಾತ್ರ, ಬಡತನ ನನ್ನನ್ನು ಕೆಸರಿಗೆ ತಂದಿತು, ದುರಾಸೆ ಅಲ್ಲೇ ಉಳಿಸಿತು ಎಂದು ನಿಜ ನುಡಿಯುತ್ತಾಳೆ.

ಕೈಹಿಡಿದದ್ದು ಎಂಥ ಕೈ ಎಂಬುದನ್ನೂ ದಾಖಲಿಸಬೇಕು. ಅವಳು ಹಲವು ಮಕ್ಕಳನ್ನು ಹೆತ್ತು, ಒಬ್ಬೊಬ್ಬರನ್ನೇ ಹಿಂದೆ ಬಿಟ್ಟು ಬಂದವಳು. ಮೊದಲ ಗಂಡನ ಇಬ್ಬರು ಮಕ್ಕಳನ್ನು ಅತ್ತೆಮಾವ ಇಟ್ಟುಕೊಂಡಾಗ, ಸದ್ಯ ನನ್ನ ತಲೆಯ ಭಾರ ಇಳಿಯಿತು ಎಂಬ ಧಾಟಿಯಲ್ಲಿ ಒಂದೇ ವಾಕ್ಯದಲ್ಲಿ ಮುಗಿಸುತ್ತಾಳೆ. ಇನ್ನೊಂದು ಗಂಡುಮಗುವನ್ನು ಸೂಲಗಿತ್ತಿಯ ಮೂಲಕ ಹರ್ಟ್‌ಫರ್ಡ್ ಕಡೆಯ ಹಳ್ಳಿಯ ಹೆಂಗಸಿಗೆ ಒಪ್ಪಿಸುತ್ತಾಳೆ: ಮೊದಲು 10 ಪೌಂಡ್, ಆಮೇಲೆ ವರ್ಷಕ್ಕೆ 5 ಪೌಂಡ್. ಹಣ ಕೊಟ್ಟು ಮಗುವನ್ನು ಕಂಡವರ ಕೈಗೆ ಹಾಕುವುದೆಂದರೆ ಸಿಕ್ಕಿಬೀಳದೆ ಕೊಲ್ಲುವ ಉಪಾಯ ಎಂದು ಅದಕ್ಕೆ ಸ್ವಲ್ಪ ಮುಂಚೆ ಪುಟಗಟ್ಟಲೆ ವಾದಿಸಿದವಳೂ ಇವಳೇ. ಆ ಮಾತನ್ನು ಆಡಿದಳು, ಆಮೇಲೆ ಹಣ ಎಣಿಸಿ ಕೊಟ್ಟಳು. ಓಣಿಯಲ್ಲಿ ಹೆದರಿ ಕುಸಿಯುವಂತಾದಾಗ ಅವಳಿಗೆ ಆ ಮಗು ನೆನಪಾಯಿತೇ? ಪುಸ್ತಕ ಹೇಳುವುದಿಲ್ಲ. ನನಗಂತೂ ಪ್ರತಿಸಲವೂ ನೆನಪಾಗುತ್ತದೆ.

ಅವಳ ಹೇಳಿಕೆ

ಕಳವಿಗೆ ನಾಲ್ಕು ಸಾಲು ಸಾಕಾದರೆ ಸಮಜಾಯಿಷಿಗೆ ಇನ್ನೊಂದಿಷ್ಟು ಬೇಕು. ಮೋಲ್ ಹೇಳುವುದರ ತಾತ್ಪರ್ಯ ಹೀಗಿದೆ. ಈ ಪ್ರಕರಣ ನನ್ನನ್ನು ಅಷ್ಟೇನೂ ಕಾಡಲಿಲ್ಲ. ಮಗುವಿಗೆ ನಾನು ಯಾವ ಕೇಡನ್ನೂ ಮಾಡಲಿಲ್ಲ. ಹಸುಗೂಸನ್ನು ಒಂಟಿಯಾಗಿ ಬಿಟ್ಟ ತಂದೆತಾಯಿಗೆ ತಕ್ಕ ಪಾಠ ಕಲಿಸಿದೆ. ಇನ್ನು ಮುಂದೆ ಎಚ್ಚರವಾಗಿರುತ್ತಾರೆ. ಸರದ ಬೆಲೆ ಹನ್ನೆರಡೋ ಹದಿನಾಲ್ಕೋ ಪೌಂಡ್. ಮಗುವಿನ ಕೊರಳಿಗೆ ದೊಡ್ಡದಾಗಿತ್ತು, ಹಾಗಾಗಿ ಮೊದಲು ತಾಯಿಯದಿದ್ದಿರಬೇಕು. ನೃತ್ಯಶಾಲೆಯಲ್ಲಿ ತನ್ನ ಮಗು ಮೆರೆಯಲಿ ಎಂಬ ಒಣಜಂಬದಿಂದ ಹಾಕಿ ಕಳಿಸಿದ್ದಾಳೆ. ಕರೆತರಲು ಕೆಲಸದ ಹುಡುಗಿಯೊಬ್ಬಳನ್ನು ಖಂಡಿತ ಕಳಿಸಿರುತ್ತಾರೆ. ಆ ಬೇಜವಾಬ್ದಾರಿ ಹೆಣ್ಣು ದಾರಿಯಲ್ಲಿ ಯಾವನೋ ಸಿಕ್ಕನೆಂದು ನಿಂತುಬಿಟ್ಟಿರಬೇಕು. ನಾನು ಮಗುವನ್ನು ಹೆದರಿಸಲೂ ಇಲ್ಲ, ಏಕೆಂದರೆ ನನ್ನಲ್ಲಿ ಇನ್ನೂ ಎಷ್ಟೋ ಮೃದುಭಾವನೆಗಳಿದ್ದವು.

ಕಳ್ಳನಿಗೊಂದು ಪಿಳ್ಳೆ ನೆವ ಎಂಬ ನಮ್ಮ ಗಾದೆ ಇದಕ್ಕೆಂದೇ ಹುಟ್ಟಿದಂತಿದೆ. ಪಿಳ್ಳೆ ಎಂದರೆ ಸಣ್ಣದು. ಮಗು ಎಂಬ ಅರ್ಥವೂ ಇದೆ. ಆದರೆ ಗಾದೆ ಹೇಳಿ ನಕ್ಕುಬಿಟ್ಟರೆ ಈ ನೆವದ ಕುಶಲಗಾರಿಕೆ ಕಾಣುವುದಿಲ್ಲ. ಬಿಚ್ಚಿ ನೋಡಬೇಕು.

‘ಕೇಡು ಮಾಡಲಿಲ್ಲ’ ಎಂಬ ಮಾತು ಎರಡು ಸಲ ಬರುತ್ತದೆ. ಹನ್ನೆರಡು ಪೌಂಡಿನ ಸರ ಕಳೆದುಕೊಂಡ ಮಗುವಿಗೆ ಕೇಡಾಗಲಿಲ್ಲ ಎನ್ನಲು ಹೇಗೆ ಸಾಧ್ಯ? ಓಣಿಯಲ್ಲಿ ಬಂದುಹೋದ ಕೊಲೆಯ ಯೋಚನೆಯ ಪಕ್ಕದಲ್ಲಿಟ್ಟು ನೋಡಿದಾಗ ಸಾಧ್ಯ. ಕೊಲ್ಲಬಹುದಾಗಿತ್ತು, ಕೊಲ್ಲಲಿಲ್ಲ, ಆದ್ದರಿಂದ ಉಪಕಾರವೇ ಆಯಿತು. ಮಾಡದೆ ಬಿಟ್ಟ ಕೊಲೆಯನ್ನು ಅವಳು ಕೀರ್ದಿಯಲ್ಲಿ ಜಮೆಯ ಕಡೆ ಬರೆದುಕೊಂಡು, ಅದರಿಂದ ಕಳವಿನ ಸಾಲ ತೀರಿಸುತ್ತಾಳೆ. ಆ ಯೋಚನೆಯನ್ನು ಅಲ್ಲಿಗೆ ತಂದವಳೂ ಅವಳೇ ಎಂಬುದು ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ಅದನ್ನು ತಂದದ್ದು ಸೈತಾನ ಎಂದು ಆಗಲೇ ಬರೆದಾಗಿದೆ. ಪಾಪ ಸೈತಾನನ ಖಾತೆಗೆ, ತಡೆದ ಪುಣ್ಯ ತನ್ನ ಖಾತೆಗೆ.

ಅವಳು ಪಟ್ಟ ಭಯ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದು ಸತ್ಯ, ಆ ಪುಟದಲ್ಲಿ ಮೈಗೆ ತಾಗುವ ಸತ್ಯ ಅದೊಂದೇ. ನಿಜವಾದ ಭಯವನ್ನೇ ನಾಳೆಯ ನೆವಕ್ಕೆ ಬಂಡವಾಳ ಮಾಡಿಕೊಳ್ಳುತ್ತಾಳಲ್ಲ, ಸೋಜಿಗ ಅಲ್ಲಿದೆ.

ಇನ್ನು ಸಾಕ್ಷಿಗಳು. ಜಂಬದ ತಾಯಿ, ಚೆಲ್ಲಾಟದ ಕೆಲಸದವಳು. ಇವರಿಬ್ಬರನ್ನೂ ಮೋಲ್ ಕಂಡಿಲ್ಲ. ‘ಇರಬೇಕು’, ‘ಬಹುಶಃ’, ‘ಸಂದೇಹವಿಲ್ಲ’ ಎಂಬ ಮಾತುಗಳ ಮೇಲೆ ಇಬ್ಬರನ್ನೂ ನಿಲ್ಲಿಸಿದ್ದಾಳೆ. ಸರವನ್ನು ಅಜ್ಜಿ ಉಡುಗೊರೆ ಕೊಟ್ಟಿರಬಹುದಿತ್ತು. ಕೆಲಸದವಳು ಹುಷಾರಿಲ್ಲದೆ ಮಲಗಿರಬಹುದಿತ್ತು. ಆ ಇಡೀ ಮಾತಿನಲ್ಲಿ ಅವಳು ಕಣ್ಣಾರೆ ಕಂಡು ತೂಗಿ ಹೇಳಬಲ್ಲ ಸಂಗತಿ ಒಂದೇ, ಸರದ ಬೆಲೆ. ಮೊದಲ ಕಳವಿನಲ್ಲಿ ಇದೇ ಕಲ್ಪನೆ ಕಾಣದ ಯಜಮಾನಿಯನ್ನು ಬಡ ವಿಧವೆಯಾಗಿಸಿ ಮರುಕ ಹುಟ್ಟಿಸಿತ್ತು. ಈಗ ಅದೇ ಕಲ್ಪನೆ ಕಾಣದ ಯಜಮಾನಿಯನ್ನು ಜಂಬಗಾತಿಯಾಗಿಸಿ ಮರುಕವನ್ನು ಅಳಿಸುತ್ತದೆ. ಮೋಲ್‌ಗೆ ಮನಸ್ಸಾಕ್ಷಿ ಇಲ್ಲ ಎನ್ನುವವರು ಇದನ್ನು ಗಮನಿಸುವುದಿಲ್ಲ. ಮನಸ್ಸಾಕ್ಷಿ ಇದೆ, ಬಹಳ ದುಡಿಯುತ್ತಿದೆ. ಕಳವಿಗೆ ಮುಂಚೆ ಅಡ್ಡಬರಬೇಕಾದದ್ದು ಕಳವಿನ ನಂತರ ಹೇಳಿಕೆ ಬರೆಯುವ ಗುಮಾಸ್ತಗಿರಿಗೆ ಸೇರಿಕೊಂಡಿದೆ, ಅಷ್ಟೇ.

ಆ ಇಬ್ಬರು ಸಾಕ್ಷಿಗಳು ಯಾರು?

ಈ ಪ್ರಕರಣದಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು ಇದು. ಮೋಲ್ ಕಲ್ಪಿಸಿದ ತಾಯಿಯನ್ನೂ ಕೆಲಸದವಳನ್ನೂ ಪುಸ್ತಕದ ಓದುಗ ಮೊದಲೇ ಕಂಡಿದ್ದಾನೆ.

ಕೋಲ್‌ಚೆಸ್ಟರಿನಲ್ಲಿ ಅನಾಥೆಯಾಗಿ ಬೆಳೆದ ಮೋಲ್, ಎಂಟರ ವಯಸ್ಸಿನಲ್ಲೇ ತಾನು ಮನೆಗೆಲಸಕ್ಕೆ ಹೋಗುವುದಿಲ್ಲ, ‘ಕುಲೀನ ಹೆಂಗಸು’ ಆಗುತ್ತೇನೆ ಎಂದು ಹಟ ಹಿಡಿದವಳು. ಆಮೇಲೆ ಸಿರಿವಂತರ ಮನೆ ಸೇರಿ, ಆ ಮನೆಯ ಹೆಣ್ಣುಮಕ್ಕಳಿಗೆ ಹೇಳಿಕೊಡುವಾಗ ಪಕ್ಕದಲ್ಲಿದ್ದು ಫ್ರೆಂಚ್ ಕಲಿತಳು, ನೃತ್ಯ ಕಲಿತಳು. ಅವರಿಗಿಂತ ಚೆನ್ನಾಗಿ ಕಲಿತಳು. ತನ್ನ ಚೆಲುವಿನ ಬಗ್ಗೆ ತನಗಿದ್ದ ಜಂಬವೇ ತನ್ನನ್ನು ಹಾಳುಮಾಡಿತು ಎಂದು ಅವಳೇ ಬರೆದಿದ್ದಾಳೆ. ಆ ಮನೆಯ ಹಿರಿಯ ಮಗ ಒಂದು ದಿನ ಅವಳನ್ನು ಮುದ್ದಿಸಿ ಕೈಗೆ ಐದು ಗಿನಿ ಚಿನ್ನದ ನಾಣ್ಯ ಇಟ್ಟ. ಅಲ್ಲಿಂದ ಮುಂದೆ ಅವಳು ದಾರಿಯಲ್ಲಿ ‘ಯಾವನೋ’ ಸಿಕ್ಕನೆಂದು ನಿಂತುಬಿಟ್ಟ ಹುಡುಗಿಯೇ.

ಹಾಗಾದರೆ ಓಣಿಯ ಪ್ರಕರಣದಲ್ಲಿ ಆರೋಪಿ ಬೆರಳು ತೋರಿಸುತ್ತಿರುವುದು ಯಾರ ಕಡೆಗೆ? ಜಂಬಕ್ಕೆ ಬಲಿಯಾದವಳು ಅವಳೇ. ಗಂಡಸಿನ ಮಾತಿಗೆ ಮೈಮರೆತವಳು ಅವಳೇ. ಮಗುವನ್ನು ಒಂಟಿಯಾಗಿ ಬಿಟ್ಟು ಹೋದವಳೂ, ಅದೂ ಒಂದಲ್ಲ ಹಲವು ಸಲ, ಅವಳೇ. ತನ್ನ ಬದುಕಿನ ಮೂರು ಹಳೆಯ ವೇಷಗಳನ್ನು ಹೊರತೆಗೆದು, ಊರಿನ ಯಾರೋ ಹೆಂಗಸರಿಗೆ ತೊಡಿಸಿ, ಅವರನ್ನು ಕಟಕಟೆಗೆ ಹತ್ತಿಸಿದ್ದಾಳೆ. ನೃತ್ಯಶಾಲೆಯಿಂದ ಚಿನ್ನ ತೊಟ್ಟು ಬರುತ್ತಿದ್ದ ಆ ಮಗುವೂ, ಎಂಟರ ವಯಸ್ಸಿನ ಮೋಲ್ ಆಗಬೇಕೆಂದು ಬಯಸಿದ ಮಗುವೇ ಅಲ್ಲವೇ? ಇದು ಅವಳಿಗೆ ಗೊತ್ತಿತ್ತೆಂದು ನನಗನ್ನಿಸುವುದಿಲ್ಲ. ಗೊತ್ತಿದ್ದರೆ ಆ ಪುಟ ಅಷ್ಟು ಹಗುರವಾದ ಕೈಯಲ್ಲಿ ಬರೆದದ್ದಾಗಿರುತ್ತಿರಲಿಲ್ಲ.

ಬಸವಣ್ಣನವರ ‘ಕಳಬೇಡ ಕೊಲಬೇಡ’ ವಚನ ನಮಗೆ ಶಾಲೆಯಿಂದಲೇ ಬಾಯಿಪಾಠ. ಅದರಲ್ಲಿ ಮೊದಲು ಕಳವು, ಆಮೇಲೆ ಕೊಲೆ, ಆಮೇಲೆ ಹುಸಿ. ಆ ಓಣಿಯಲ್ಲಿ ಮೋಲ್ ಹುಸಿ ನುಡಿದಳು, ಕದ್ದಳು, ಕೊಲೆಯ ಹೊಸ್ತಿಲಿನಿಂದ ಹಿಂದೆ ಸರಿದಳು. ವಚನ ಅಲ್ಲಿಗೇ ನಿಲ್ಲುವುದಿಲ್ಲ. ‘ತನ್ನ ಬಣ್ಣಿಸಬೇಡ, ಇದಿರ ಹಳಿಯಲು ಬೇಡ’ ಎಂದು ಮುಂದುವರಿಯುತ್ತದೆ. ಬಾಯಿಪಾಠ ಮಾಡುವಾಗ ಕೊಲೆ ಕಳವುಗಳ ಸಾಲಿನಲ್ಲಿ ಈ ಸಣ್ಣ ತಪ್ಪುಗಳು ಯಾಕೆ ಬಂದವು ಎಂದು ನನಗೆ ಅನ್ನಿಸುತ್ತಿತ್ತು. ಮೋಲ್‌ಳ ಮೃದುಭಾವನೆಗಳ ಬಣ್ಣನೆ, ತಾಯಿ ಮತ್ತು ಕೆಲಸದವಳ ಹಳಿಯುವಿಕೆ ಓದಿದ ಮೇಲೆ ಆ ಎರಡನ್ನು ಸಣ್ಣವೆಂದು ಕರೆಯಲು ನಾಲಿಗೆ ಏಳುವುದಿಲ್ಲ.

ಮುನ್ನುಡಿ ಬರೆದವರ ಸಾಕ್ಷ್ಯ

ಕಾದಂಬರಿಗೆ ಡೆಫೋನೇ ಸೃಷ್ಟಿಸಿದ ‘ಸಂಪಾದಕ’ನೊಬ್ಬನ ಮುನ್ನುಡಿಯಿದೆ. ಮೂಲ ಬರಹದ ಭಾಷೆ ನ್ಯೂಗೇಟಿನ ವಾಸನೆ ಹೊಡೆಯುತ್ತಿತ್ತು, ಅದನ್ನು ಸಭ್ಯ ಮಾತುಗಳಿಗೆ ತಿದ್ದಿದ್ದೇನೆ ಎನ್ನುತ್ತಾನೆ. ಪುಸ್ತಕ ಓದುಗರಿಗೆ ಎಚ್ಚರಿಕೆ ಎಂದು ಸಮರ್ಥಿಸುತ್ತಾನೆ. ಉದಾಹರಣೆಗೆ ಯಾವುದನ್ನು ಎತ್ತಿಕೊಳ್ಳುತ್ತಾನೆ? ತಾಯಿಯ ಜಂಬಕ್ಕೆ ಸಿಂಗರಿಸಿಕೊಂಡು ನೃತ್ಯಶಾಲೆಗೆ ಹೋದ ಮುಗ್ಧ ಮಗುವನ್ನು ಮೋಲ್ ದೋಚಿದ್ದು ಅಂಥ ಜನರಿಗೆ ಒಳ್ಳೆಯ ಪಾಠ ಎಂದು.

ಅಲ್ಲಿ ‘ಬಹುಶಃ’ ಇಲ್ಲ. ಕಳ್ಳಿ ತನ್ನ ನೆವಕ್ಕೆ ಹುಟ್ಟಿಸಿದ ಜಂಬದ ತಾಯಿ, ಸಂಪಾದಕನ ಕೈಯಲ್ಲಿ ಸಾಬೀತಾದ ಸಂಗತಿಯಾಗಿದ್ದಾಳೆ. ಪಾಠ ಕಲಿಸಿದೆ ಎಂಬ ಕಳ್ಳಿಯ ವಾದವೇ ಪುಸ್ತಕದ ನೀತಿಬೋಧೆಯೂ ಆಗಿದೆ. ಮುನ್ನುಡಿ ಓದಿ ತಲೆದೂಗಿ ಒಳಗೆ ಹೋದ ಓದುಗ, ಆ ಪುಟಕ್ಕೆ ಬಂದಾಗ ತಾನು ಒಪ್ಪಿದ ನೀತಿ ಕಳ್ಳಿಯ ಬಾಯಿಂದ ಬರುವುದನ್ನು ಕಾಣಬೇಕು. ಡೆಫೋ ಇದನ್ನು ಬೇಕೆಂದೇ ಮಾಡಿದನೇ? ಈ ಜಗಳ ಹಳೆಯದು. ಕಾದಂಬರಿಯನ್ನು ವ್ಯಂಗ್ಯದ ಕಟ್ಟಡವೆಂದೇ ವಿಮರ್ಶಕಿ ಡೊರೊಥಿ ವ್ಯಾನ್ ಘೆಂಟ್ ಓದಿದರು. ವ್ಯಂಗ್ಯ ನಾವು ಕಾಣುವುದು, ಡೆಫೋ ಉದ್ದೇಶಿಸಿದ್ದಲ್ಲ ಎಂಬ ಕಡೆಗೆ ಇನ್ನೊಬ್ಬ ವಿಮರ್ಶಕ ಇಯಾನ್ ವಾಟ್ ವಾಲಿದರು. ಡೆಫೋ ಸ್ವತಃ 1692ರಲ್ಲಿ ದಿವಾಳಿಯೆದ್ದ ವ್ಯಾಪಾರಿ, 1703ರಲ್ಲಿ ಒಂದು ಕಿರುಹೊತ್ತಗೆಗಾಗಿ ನ್ಯೂಗೇಟ್ ಕಂಡು, ಜನರೆದುರು ಅವಮಾನಿಸುವ ಶಿಕ್ಷೆಯಾಗಿ ಬೀದಿಯಲ್ಲಿ ಕಂಬಕ್ಕೆ ಕೊರಳು ಕೊಟ್ಟು ನಿಂತವನು. ಆ ಕಿರುಹೊತ್ತಗೆಯ ತಪ್ಪೇನೆಂದರೆ, ವಿರೋಧಿಗಳ ದನಿಯನ್ನು ಎಷ್ಟು ಚೆನ್ನಾಗಿ ಅನುಕರಿಸಿದ್ದನೆಂದರೆ ಜನ ಮೊದಲು ನಿಜವೆಂದೇ ನಂಬಿದರು. ಇಂಥವನಿಗೆ ಎರಡು ದನಿಗಳ ನಡುವಿನ ಬಿರುಕು ಕಾಣಿಸಿರಲಿಲ್ಲ ಎಂದು ನಂಬುವುದು ನನಗೆ ಕಷ್ಟ.

ಶಿಕ್ಷೆ

ಕಾನೂನಿಗೆ ಇಲ್ಲಿ ಗೊಂದಲವೇ ಇರಲಿಲ್ಲ. ಒಬ್ಬರ ಮೈಮೇಲಿಂದ ಅವರಿಗೆ ತಿಳಿಯದಂತೆ 12 ಪೆನ್ಸ್ ಮೀರಿದ ವಸ್ತು ಕದ್ದರೆ ಗಲ್ಲು ಎಂಬುದು ಎಲಿಜಬೆತ್ ರಾಣಿಯ ಕಾಲದಿಂದ ಬಂದ ಶಾಸನ. ಸರದ ಬೆಲೆ ಹನ್ನೆರಡು ಪೌಂಡ್ ಎಂದೇ ಹಿಡಿದರೂ ಅದು 2,880 ಪೆನ್ಸ್ (ಆಗ ಪೌಂಡಿಗೆ 240 ಪೆನ್ಸ್); ಕೊರಳಿಗೆ ಕುಣಿಕೆ ಬೀಳಲು ಬೇಕಾದದ್ದರ 240 ಪಟ್ಟು. ಇಂಥ ಕಾನೂನಿನ ಕೆಳಗೆ ಮಗುವನ್ನು ಕೊಂದರೂ ಗಲ್ಲು, ಸರ ಕದ್ದರೂ ಗಲ್ಲು. ಕೊಲ್ಲದಿರಲು ಕಾನೂನು ಅವಳಿಗೆ ಯಾವ ಕಾರಣವನ್ನೂ ಕೊಟ್ಟಿರಲಿಲ್ಲ. ಅವಳು ಹಿಂದೆ ಸರಿದದ್ದು ತನ್ನೊಳಗಿನ ಯಾವುದೋ ಒಂದರಿಂದಲೇ, ಅದನ್ನು ಅವಳ ಪರವಾಗಿ ಬರೆದುಕೊಳ್ಳುತ್ತೇನೆ.

ಆದರೆ ಅವಳು ಸಿಕ್ಕಿಬಿದ್ದದ್ದು ಈ ಪ್ರಕರಣದಲ್ಲಲ್ಲ. ಎಷ್ಟೋ ವರ್ಷಗಳ ನಂತರ, ಒಂದು ಮನೆಯಿಂದ 46 ಪೌಂಡಿನ ಎರಡು ಜರತಾರಿ ರೇಷ್ಮೆ ಥಾನುಗಳನ್ನು ಎತ್ತಿಕೊಂಡು ಹೊರಡುವಾಗ ಬಾಗಿಲಲ್ಲೇ ಇಬ್ಬರು ಕೆಲಸದ ಹುಡುಗಿಯರು ಹಿಡಿದರು. ಕೆಲಸದ ಹುಡುಗಿಯರು! ಬೇಜವಾಬ್ದಾರಿಯೆಂದು ಅವಳು ಹಳಿದ ಜಾತಿಯವರೇ, ಈ ಸಲ ಎಚ್ಚರವಾಗಿದ್ದರು. ಗಲ್ಲುಶಿಕ್ಷೆಯಾಗಿ, ಪಾದ್ರಿಯ ಪ್ರಯತ್ನದಿಂದ ಗಡೀಪಾರಿಗೆ ಇಳಿಯಿತು. ಆ ಪಾದ್ರಿಗೆ ಬದುಕಿನ ಕಥೆಯನ್ನೆಲ್ಲ ಸಂಕ್ಷೇಪವಾಗಿ ಹೇಳಿದೆ ಎನ್ನುತ್ತಾಳೆ. ಸಂಕ್ಷೇಪದಲ್ಲಿ ಏನು ಉಳಿಯಿತು, ಏನು ಹೋಯಿತು, ಯಾರಿಗೆ ಗೊತ್ತು.

ಅವಳು ಮರುಗಲೇ ಇಲ್ಲವೆಂದಲ್ಲ. ಬೆಂಕಿ ಬಿದ್ದ ಮನೆಯೊಂದಕ್ಕೆ ಸಹಾಯಕ್ಕೆ ಬಂದವಳಂತೆ ನುಗ್ಗಿ, ಗಾಬರಿಯಲ್ಲಿದ್ದ ಗೃಹಿಣಿ ನಂಬಿ ಕೊಟ್ಟ ಒಡವೆಯ ಗಂಟನ್ನು ಹೊತ್ತು ಬಂದಾಗ ಕಣ್ಣಲ್ಲಿ ನೀರಾಡಿತು, ತಾನು ಮಾಡಿದ್ದರಲ್ಲಿ ಅತ್ಯಂತ ಕ್ರೂರವಾದದ್ದು ಅದೇ ಎಂದು ಬರೆಯುತ್ತಾಳೆ. ಹಿಂದಿರುಗಿಸಲು ಮಾತ್ರ ಮನಸ್ಸು ಬರಲಿಲ್ಲ ಎಂದೂ ಬರೆಯುತ್ತಾಳೆ. ಆ ಪ್ರಾಮಾಣಿಕತೆ ನನಗೆ ಇಷ್ಟ. ಕೊನೆಗೆ ವರ್ಜೀನಿಯಾದಲ್ಲಿ, ಎಂದೋ ಬಿಟ್ಟು ಹೋಗಿದ್ದ ಮಗ ಸಿಕ್ಕಾಗ ಅವನಿಗೆ ಪ್ರೀತಿಯಿಂದ ಚಿನ್ನದ ಗಡಿಯಾರವೊಂದನ್ನು ಕೊಡುತ್ತಾಳೆ. ಅದನ್ನು ಲಂಡನ್ನಿನ ಪ್ರಾರ್ಥನಾಮಂದಿರದಲ್ಲಿ ಒಬ್ಬ ಹೆಂಗಸಿನ ಸೊಂಟದಿಂದ ಕದ್ದದ್ದೆಂದು ಅವನಿಗೆ ಹೇಳಲಿಲ್ಲ, ಅದಿರಲಿ ಎನ್ನುತ್ತಾಳೆ. ಪಶ್ಚಾತ್ತಾಪ ಮುಗಿದ ಮೇಲೆ ಬರುವ ಪುಟ ಇದು.

ಓಣಿಗೆ ಮರಳಿದರೆ ಒಂದು ಲೆಕ್ಕ ಮಾತ್ರ ಬಾಕಿ ಇದೆ. ಸರ ಕೈಸೇರಿದ ಮೇಲೆ ಅವಳು ಹೋದ ದಾರಿಯನ್ನು ಪುಸ್ತಕ ಬೀದಿಬೀದಿಯಾಗಿ ಕೊಡುತ್ತದೆ: ಬಾರ್ಥಾಲೊಮ್ಯೂ ಕ್ಲೋಸ್, ಲಾಂಗ್ ಲೇನ್, ಚಾರ್ಟರ್‌ಹೌಸ್ ಅಂಗಳ, ಸೇಂಟ್ ಜಾನ್ ಬೀದಿ, ಸ್ಮಿತ್‌ಫೀಲ್ಡ್ ದಾಟಿ ಚಿಕ್ ಲೇನ್, ಫೀಲ್ಡ್ ಲೇನ್, ಹೋಲ್ಬರ್ನ್ ಸೇತುವೆಯ ಜನಜಂಗುಳಿ. ಇವುಗಳಲ್ಲಿ ಕೆಲವು ಬೀದಿಗಳು ಈಗಿಲ್ಲ, ಆದರೆ ಹಳೆಯ ಲಂಡನ್ನಿನ ನಕ್ಷೆಯ ಮೇಲೆ ಬೆರಳಿಟ್ಟು ಆ ದಾರಿಯನ್ನು ಹಿಂಬಾಲಿಸಬಹುದು. ಮಗು ಹೋದ ದಾರಿ ಪುಸ್ತಕದಲ್ಲಿಲ್ಲ. ಆಗಲಿ ಎಂದಿತು, ಕತ್ತಲ ಓಣಿಯಲ್ಲಿ ತಿರುಗಿ ಒಂದೆರಡು ಹೆಜ್ಜೆ ಇಟ್ಟಿರಬೇಕು. ಅಷ್ಟರಲ್ಲಿ ಮೋಲ್ ಇನ್ನೊಂದು ತುದಿಯಿಂದ ಹೊರಬಿದ್ದಿದ್ದಳು. ಅದು ಮನೆ ಮುಟ್ಟಿತೋ ಇಲ್ಲವೋ ಅವಳು ನೋಡಲಿಲ್ಲ.